ಗಪ್ಪಿ ಮರಿಗಳನ್ನು ಉಳಿಸಿ ಬೆಳೆಸುವುದು ಹೇಗೆ?

ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುವ ಅಕ್ವೇರಿಯಂ ಮೀನುಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚಾಗಿ ಬರುವುದು ಗಪ್ಪಿ, ಮೊಲ್ಲಿ, ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್. ಗಂಡು ಹೆಣ್ಣು ಒಂದೇ ತೊಟ್ಟಿಯಲ್ಲಿದ್ದರೆ ಮರಿಗಳು ಬಂದೇ ಬರುತ್ತವೆ, ಅದಕ್ಕೆ ಯಾರ ಸಹಾಯವೂ ಬೇಡ. ಕಷ್ಟ ಶುರುವಾಗುವುದು ಆಮೇಲೆ. ಬೆಳಗ್ಗೆ ಹತ್ತಿಪ್ಪತ್ತು ಮರಿ ಕಂಡ ತೊಟ್ಟಿಯಲ್ಲಿ ಸಂಜೆಗೆ ಒಂದೆರಡು ಉಳಿದಿದ್ದರೆ ಹೆಚ್ಚು. ಹೆತ್ತ ತಾಯಿಯೂ ಸೇರಿ ದೊಡ್ಡ ಮೀನುಗಳೆಲ್ಲ ಅವನ್ನು ನುಂಗುತ್ತವೆ. ಹಾಗಾಗಿ ಮರಿ ಹುಟ್ಟಿದ ಮೊದಲ ಮೂರು ವಾರಗಳ ಬಗ್ಗೆಯೇ ಇಲ್ಲಿ ಹೆಚ್ಚು ಹೇಳುತ್ತೇನೆ. ಉದಾಹರಣೆಗೆ ಗಪ್ಪಿಯನ್ನು ಇಟ್ಟುಕೊಳ್ಳೋಣ.

ಮೊದಲು ನೀರು

ಈ ಮೀನುಗಳಿಗೆ ಗಡಸು ನೀರು ಒಗ್ಗುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರಿಸುವ ಬೋರ್‌ವೆಲ್ ನೀರನ್ನು ನಾವು ಬೈಯುತ್ತೇವೆ, ಗಪ್ಪಿ ಮತ್ತು ಮೊಲ್ಲಿ ಅದರಲ್ಲೇ ಚೆನ್ನಾಗಿರುತ್ತವೆ. ಪಿಎಚ್ 7ರಿಂದ 8ರ ನಡುವೆ ಇದ್ದರೆ ಸರಿ. ಅಡುಗೆಮನೆಯ ಆರ್‌ಒ ನೀರು ಶುದ್ಧ, ಆದ್ದರಿಂದ ಮೀನಿಗೂ ಒಳ್ಳೆಯದು ಎಂದುಕೊಂಡು ಅದನ್ನೇ ತುಂಬುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಖನಿಜಾಂಶ ಹೆಚ್ಚುಕಡಿಮೆ ಇರುವುದೇ ಇಲ್ಲ.

ನಲ್ಲಿ ನೀರಾದರೆ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಏರ್ ಪಂಪಿನಿಂದ ಗಾಳಿ ಆಡಿಸಿ, ಕ್ಲೋರಿನ್ ಹೋದ ಮೇಲೆ ಬಳಸಿ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ದ್ರಾವಣ ಸಾಕು. ಬೋರ್‌ವೆಲ್ ನೀರನ್ನೂ ಹೀಗೆಯೇ ಗಾಳಿಯಾಡಿಸಿ. ನೆಲದಡಿಯಿಂದ ಬರುವ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ.

ಉಷ್ಣಾಂಶ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಕರಾವಳಿಯಲ್ಲಿ ಹೀಟರ್ ಬೇಕಾಗುವುದೇ ಅಪರೂಪ. ಬೆಂಗಳೂರು, ಮೈಸೂರು, ಮಲೆನಾಡಿನ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರ್ ಇದ್ದರೆ ಒಳ್ಳೆಯದು.

ಜೋಡಿ ಆರಿಸುವುದು

ಗಂಡು ಸಣ್ಣದು, ಬಣ್ಣ ಬಣ್ಣದ ಬಾಲದ್ದು. ಹೊಟ್ಟೆಯಡಿಯ ಹಿಂಭಾಗದ ಈಜುರೆಕ್ಕೆ ಕಡ್ಡಿಯಂತೆ ಸಪೂರವಾಗಿರುತ್ತದೆ. ಹೆಣ್ಣಿಗೆ ಅದೇ ಜಾಗದಲ್ಲಿ ತ್ರಿಕೋನಾಕಾರದ ರೆಕ್ಕೆ, ಅದರ ಮೇಲ್ಭಾಗದಲ್ಲಿ ಒಂದು ಕಪ್ಪು ಮಚ್ಚೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಬಿಡಿ. ಗಂಡುಗಳೇ ಹೆಚ್ಚಾದರೆ ಹೆಣ್ಣಿನ ಬೆನ್ನು ಬಿಡದೆ ಅಟ್ಟಿಸಿಕೊಂಡು ಹೋಗಿ ಸುಸ್ತು ಮಾಡುತ್ತವೆ.

ಅಂಗಡಿಯಿಂದ ತಂದ ದೊಡ್ಡ ಹೆಣ್ಣು ಬಹುತೇಕ ಆಗಲೇ ಬಸುರಿಯಾಗಿರುತ್ತದೆ. ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ಹೆಣ್ಣು ಗಪ್ಪಿ ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲದು. ನೀವು ಇಷ್ಟಪಟ್ಟು ತಂದ ನೀಲಿ ಗಂಡಿನ ಬಣ್ಣ ಮೊದಲ ಕೆಲವು ಸಲದ ಮರಿಗಳಲ್ಲಿ ಕಾಣದಿದ್ದರೆ ಕಾರಣ ಇದೇ. ನಿರ್ದಿಷ್ಟ ಬಣ್ಣವೇ ಬೇಕೆಂದರೆ ಗಂಡಿನ ಜತೆ ಎಂದೂ ಸೇರದ ಎಳೆಯ ಹೆಣ್ಣಿನಿಂದ ಶುರು ಮಾಡಬೇಕು.

ಬಣ್ಣದ ಮಾತು ಬಂದದ್ದರಿಂದ ಒಂದು ವಿಷಯ. ಗಪ್ಪಿಯ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್. ಅಲ್ಲಿಂದ ಇದರ ಮಾದರಿಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಅವರ ಹೆಸರೇ ಮೀನಿಗೆ ನಿಂತಿತು. ಟ್ರಿನಿಡಾಡಿನ ತೊರೆಗಳಲ್ಲಿ ಬೇಟೆಗಾರ ಮೀನು ಹೆಚ್ಚಿರುವಲ್ಲಿ ಗಂಡು ಗಪ್ಪಿಗಳ ಬಣ್ಣ ಮಂಕು, ಕಡಿಮೆ ಇರುವಲ್ಲಿ ಗಾಢ. ಜಾನ್ ಎಂಡ್ಲರ್ ಎಂಬ ಜೀವವಿಜ್ಞಾನಿ ಇದನ್ನು ಪ್ರಯೋಗ ಮಾಡಿ ತೋರಿಸಿ 1980ರಲ್ಲಿ ಪ್ರಕಟಿಸಿದರು.

ಹೆರಿಗೆಯ ಹೊತ್ತು

ಬಸುರಿನ ಅವಧಿ ಸುಮಾರು ನಾಲ್ಕು ವಾರ. ನೀರು ಬೆಚ್ಚಗಿದ್ದರೆ ಕೆಲವು ದಿನ ಮೊದಲೇ, ತಣ್ಣಗಿದ್ದರೆ ತಡವಾಗಿ. ದಿನ ಹತ್ತಿರ ಬಂದಂತೆ ಮಚ್ಚೆ ದೊಡ್ಡದಾಗಿ ಕಪ್ಪೇರುತ್ತದೆ. ತಿಳಿಬಣ್ಣದ ಮೀನಾದರೆ ಚರ್ಮದ ಒಳಗಿಂದ ಮರಿಗಳ ಕಣ್ಣುಗಳು ಚುಕ್ಕೆ ಚುಕ್ಕೆಯಾಗಿ ಕಾಣುವುದೂ ಉಂಟು. ದುಂಡಗಿದ್ದ ಹೊಟ್ಟೆ ಮುಂಭಾಗದಲ್ಲಿ ಚೌಕಾಕಾರಕ್ಕೆ ತಿರುಗುತ್ತದೆ. ತಾಯಿ ಗುಂಪು ಬಿಟ್ಟು ಮೂಲೆಯಲ್ಲೋ ಹೀಟರ್ ಪಕ್ಕದಲ್ಲೋ ನಿಲ್ಲುತ್ತದೆ.

ಅಂಗಡಿಯವರು ಆಗ ಬ್ರೀಡಿಂಗ್ ಬಾಕ್ಸ್ ಮಾರುತ್ತಾರೆ. ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬು ಬಸುರಿಯನ್ನು ದಿನಗಟ್ಟಲೆ ಕೂಡಿಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಗಾಬರಿಗೆ ಮರಿಗಳು ಅವಧಿಗೆ ಮುಂಚೆ ಬೀಳಬಹುದು, ತಾಯಿಯೂ ಸಾಯಬಹುದು. ಅದರ ಬದಲು 20 ಲೀಟರಿನ ಬೇರೆ ತೊಟ್ಟಿಗೆ ಜಾವಾ ಮಾಸ್, ಹಾರ್ನ್‌ವರ್ಟ್ ಅಥವಾ ಹೈಡ್ರಿಲ್ಲಾದಂಥ ನೀರುಗಿಡ ಒತ್ತಾಗಿ ತುಂಬಿಸಿ, ತಾಯಿಯನ್ನು ಒಂದು ವಾರ ಮುಂಚೆಯೇ ಅಲ್ಲಿಗೆ ಬಿಡಿ. ಕೆರೆಯಿಂದ ಗಿಡ ತಂದರೆ ನೇರ ಹಾಕಬೇಡಿ. ಅದರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳು ಇರಬಹುದು, ಅದು ಮೀನಿನ ಮರಿಗಳನ್ನು ಹಿಡಿದು ತಿನ್ನುತ್ತದೆ.

ಮರಿಗಳು ಒಂದೊಂದಾಗಿ ಬರುತ್ತವೆ. ಬಾಲ ಮಡಚಿಕೊಂಡ ಒಂದು ಗುಂಡು ತಳದತ್ತ ಇಳಿಯುತ್ತದೆ, ನೋಡನೋಡುತ್ತಿದ್ದಂತೆ ಬಿಚ್ಚಿಕೊಂಡು ಮೇಲಕ್ಕೆ ಈಜುತ್ತದೆ, ನೀರಿನ ಮೇಲ್ಮೈ ಮುಟ್ಟಿ ಗಾಳಿ ನುಂಗಿ ಈಜುಚೀಲ ತುಂಬಿಕೊಳ್ಳುತ್ತದೆ. ಆಮೇಲೆ ಗಿಡದ ಎಡೆಗೆ ನುಗ್ಗುತ್ತದೆ. ಉದ್ದ ಹೆಚ್ಚೆಂದರೆ 6–7 ಮಿಲಿಮೀಟರ್. ಮೇಲ್ಮೈಗೆ ಬಂದ ಮರಿ ಅಡಗಿಕೊಳ್ಳಲು ಗಿಡ ನೀರಿನ ಮೇಲ್ಭಾಗದಲ್ಲೂ ತೇಲುತ್ತಿರಬೇಕು. ಹೆರಿಗೆ ಕೆಲವು ಗಂಟೆ ನಡೆಯುತ್ತದೆ. ಎಳೆಯ ತಾಯಿಗೆ ಹತ್ತು ಮರಿ, ಬೆಳೆದ ತಾಯಿಗೆ ಐವತ್ತರವರೆಗೂ ಆಗಬಹುದು. ಮುಗಿದ ಕೂಡಲೇ ತಾಯಿಯನ್ನು ಹಳೆಯ ತೊಟ್ಟಿಗೆ ಮರಳಿಸಿ.

ಮರಿಗಳ ತೊಟ್ಟಿ, ಮರಿಗಳ ಊಟ

ತಳದಲ್ಲಿ ಜಲ್ಲಿ ಬೇಡ, ಉಳಿದ ಆಹಾರ ಅದರ ಸಂದಿಯಲ್ಲಿ ಕೊಳೆಯುತ್ತದೆ. ಸ್ಪಾಂಜ್ ಫಿಲ್ಟರ್ ಒಂದೇ ಸಾಕು. ಬೇರೆ ಫಿಲ್ಟರುಗಳು ಮರಿಗಳನ್ನು ಒಳಗೆಳೆದುಕೊಳ್ಳುತ್ತವೆ. ಮೀನಿನ ಗಲೀಜಿನಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ಹೊಸ ಸ್ಪಾಂಜಿನಲ್ಲಿ ಇರುವುದಿಲ್ಲ. ಆದ್ದರಿಂದ ಹೆರಿಗೆಗೆ ಮೂರು ನಾಲ್ಕು ವಾರ ಮೊದಲೇ ಅದನ್ನು ದೊಡ್ಡ ತೊಟ್ಟಿಯಲ್ಲಿ ಓಡಿಸಿಟ್ಟು, ನಂತರ ಇಲ್ಲಿಗೆ ತನ್ನಿ.

ಹುಟ್ಟಿದ ದಿನದಿಂದಲೇ ಮರಿಗಳು ತಿನ್ನಬಲ್ಲವು. ಹೊಟ್ಟೆ ಚಿಕ್ಕದು, ಹಾಗಾಗಿ ದಿನಕ್ಕೆ ನಾಲ್ಕೈದು ಸಲ ಚೂರು ಚೂರೇ ಕೊಡಬೇಕು. ಎಲ್ಲಕ್ಕಿಂತ ಒಳ್ಳೆಯದು ಆಗ ತಾನೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಸಿಗಡಿಯಂಥ ಪುಟ್ಟ ಜೀವಿ. ಒಂದು ಲೀಟರ್ ನೀರಿಗೆ 25–30 ಗ್ರಾಂ ಕಲ್ಲುಪ್ಪು ಕರಗಿಸಿ, ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಬಾಟಲಿಗೆ ಸುರಿಯಿರಿ. ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ಏರ್ ಪಂಪಿನ ಕೊಳವೆ ತಳ ಮುಟ್ಟುವಂತೆ ಇಳಿಸಿ, ಬೆಳಕಿನಲ್ಲಿಡಿ. 26–28 ಡಿಗ್ರಿಯಲ್ಲಿ 24ರಿಂದ 36 ಗಂಟೆಗೆ ಒಡೆಯುತ್ತವೆ, ಚಳಿಯಲ್ಲಿ ಇನ್ನೂ ತಡ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಜೀವಿಗಳು ಕೆಳಗೆ ಸೇರುತ್ತವೆ. ಅವನ್ನು ಸಣ್ಣ ಕೊಳವೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಐದು ನಿಮಿಷದಲ್ಲಿ ಮರಿಗಳ ಪಾರದರ್ಶಕ ಹೊಟ್ಟೆ ಕಿತ್ತಳೆಯಾಗಿ ಉಬ್ಬುತ್ತದೆ. ಯಾವುದು ತಿಂದಿಲ್ಲ ಎಂಬುದೂ ಆಗಲೇ ಗೊತ್ತಾಗುತ್ತದೆ.

ಇದಾಗದಿದ್ದರೆ ಒಳ್ಳೆಯ ಫ್ಲೇಕ್ ಆಹಾರವನ್ನು ಬೆರಳಲ್ಲಿ ಹಿಟ್ಟಿನಂತೆ ಪುಡಿ ಮಾಡಿ ಕೊಡಿ. ಬೇಯಿಸಿದ ಮೊಟ್ಟೆಯ ಹಳದಿ ಕೊಡುವ ರೂಢಿಯಿದೆ. ಬೇರೇನೂ ಸಿಗದ ದಿನ ಸಾಸಿವೆ ಕಾಳಿನಷ್ಟು ಕೊಡಬಹುದು, ಆದರೆ ಅದು ನೀರನ್ನು ಬೇಗ ಹಾಳು ಮಾಡುತ್ತದೆ.

ಇಷ್ಟು ಸಲ ಊಟ ಎಂದರೆ ಅಷ್ಟೇ ಗಲೀಜು. ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹೊಸ ನೀರು ಅದೇ ಬಿಸಿಯಲ್ಲಿರಲಿ. ತಳದ ಕಸವನ್ನು ಏರ್ ಪಂಪಿನ ಸಣ್ಣ ಕೊಳವೆಯಿಂದಲೇ ಬಿಳಿ ಬಕೆಟ್ಟಿಗೆ ಎಳೆಯಿರಿ. ಜತೆಗೆ ಬಂದ ಮರಿ ಬಿಳಿ ತಳದಲ್ಲಿ ಕಾಣುತ್ತದೆ, ವಾಪಸು ಬಿಡಬಹುದು. ಕರೆಂಟು ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ.

ಬೇರ್ಪಡಿಸುವುದು

ಮೂರು ನಾಲ್ಕು ವಾರಕ್ಕೆ ಗಂಡುಮರಿಗಳ ಹಿಂದಿನ ರೆಕ್ಕೆ ಸಪೂರವಾಗತೊಡಗುತ್ತದೆ, ಬಾಲದಲ್ಲಿ ಬಣ್ಣ ಇಣುಕುತ್ತದೆ. ಆಗಲೇ ಗಂಡು ಹೆಣ್ಣುಗಳನ್ನು ಬೇರೆ ಮಾಡಿ. ತಡ ಮಾಡಿದರೆ ಪೂರ್ತಿ ಬೆಳೆಯದ ಹೆಣ್ಣುಗಳೇ ಬಸುರಿಯಾಗಿ ಗಿಡ್ಡಗೆ ಉಳಿಯುತ್ತವೆ. ಬೆನ್ನು ಡೊಂಕಾದ ಮರಿಗಳನ್ನು ತಳಿಗೆ ಬಳಸಬೇಡಿ. ಒಂದು ತಿಂಗಳ ಮರಿಗೆ ತಲಾ ಒಂದು ಲೀಟರ್ ನೀರಾದರೂ ಇರಲಿ.

ಮೊಲ್ಲಿಗೆ ದೊಡ್ಡ ತೊಟ್ಟಿ, ಬೇಯಿಸಿದ ಪಾಲಕ್‌ನಂಥ ಸೊಪ್ಪು ಬೇಕು, ಬಸುರಿನ ಅವಧಿಯೂ ಉದ್ದ. ಸ್ವೋರ್ಡ್‌ಟೇಲ್ ಹಾರುತ್ತದೆ, ತೊಟ್ಟಿಗೆ ಮುಚ್ಚಳ ಬೇಕೇ ಬೇಕು. ಅದು ಪ್ಲಾಟಿಯೊಂದಿಗೆ ಕೂಡಿ ಮಿಶ್ರ ಮರಿ ಹಾಕುವುದರಿಂದ ಎರಡನ್ನೂ ಒಟ್ಟಿಗೆ ಇಡಬೇಡಿ.

ಮರಿ ಹೆಚ್ಚಾದರೆ ಅಂಗಡಿಗೆ ಕೊಡಿ, ಸಾಕುವ ಸ್ನೇಹಿತರಿಗೆ ಕೊಡಿ. ಕೆರೆಗೆ, ಹೊಳೆಗೆ, ರಾಜಕಾಲುವೆಗೆ ಮಾತ್ರ ಬಿಡಬೇಡಿ. ಸೊಳ್ಳೆ ಹತೋಟಿಗೆಂದು ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟದ್ದು ನಿಜ, ಅದು ಆರೋಗ್ಯ ಕಾರ್ಯಕ್ರಮದ ಭಾಗ. ಹರಿಯುವ ನೀರು ಸೇರಿದ ಗಪ್ಪಿ ನಮ್ಮ ನಾಡಿನ ಸಣ್ಣ ಮೀನುಗಳ ಆಹಾರಕ್ಕೂ ಮರಿಗಳಿಗೂ ಬಾಯಿ ಹಾಕುತ್ತದೆ. ಮನೆಯಂಗಳದಲ್ಲಿ ತಾವರೆ ತೊಟ್ಟಿಯಿದ್ದರೆ ನಾಲ್ಕಾರು ಗಂಡುಗಳನ್ನು ಅದರಲ್ಲಿ ಬಿಡಬಹುದು, ಸೊಳ್ಳೆಯ ಮರಿಹುಳುಗಳನ್ನು ತಿಂದುಕೊಂಡಿರುತ್ತವೆ. ಮಳೆಗಾಲದಲ್ಲಿ ತೊಟ್ಟಿ ಉಕ್ಕಿ ಚರಂಡಿ ಸೇರದಂತೆ ನೀರಿನ ಮಟ್ಟ ಅಂಚಿಗಿಂತ ನಾಲ್ಕು ಬೆರಳು ಕೆಳಗೇ ಇರಲಿ.