ಕುಂಡದ ಲ್ಯಾವೆಂಡರ್: ಬೆಂಗಳೂರಿನ ಮಳೆಗಾಲ ದಾಟಿಸಲು ನಾನು ಮಾಡುವುದು

ಬೆಂಗಳೂರಿನಲ್ಲಿ ಲ್ಯಾವೆಂಡರ್ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವಕ್ಕೆ. ಮೆಡಿಟರೇನಿಯನ್ ಕಡೆಯ ಕಲ್ಲುಗುಡ್ಡಗಳ ಗಿಡ ಇದು. ಅಲ್ಲಿ ಮಳೆ ಚಳಿಗಾಲದಲ್ಲಿ ಬರುತ್ತದೆ, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಅದೆಲ್ಲ ತಿರುವುಮುರುವು. ಆದ್ದರಿಂದ ನಾನು ಇದನ್ನು ನೆಲದಲ್ಲಿ ನೆಡುವುದಿಲ್ಲ. ಮಳೆ ಹಿಡಿದಾಗ ಸೂರಿನಡಿಗೆ ಸರಿಸಲು ಬರುವ ಹತ್ತಿಂಚಿನ ಮಣ್ಣಿನ ಕುಂಡವೇ ಸರಿ.

ನರ್ಸರಿಯವರು ಎಲ್ಲವನ್ನೂ ಬರೀ ಲ್ಯಾವೆಂಡರ್ ಎಂದೇ ಕೊಡುತ್ತಾರೆ, ಎಲೆ ನೋಡಿ ಆರಿಸಬೇಕು. ಅಂಚಿನಲ್ಲಿ ಗರಗಸದಂಥ ಹಲ್ಲುಗಳಿದ್ದರೆ ಅದು ಫ್ರೆಂಚ್ ಲ್ಯಾವೆಂಡರ್, ಅಂದರೆ ಡೆಂಟಾಟಾ. ಚಳಿ ಇಲ್ಲದೆಯೂ ಹೂ ಬಿಡುತ್ತದೆ. ಕರ್ಪೂರದ ವಾಸನೆ ತುಸು ಮುಂದಿರುವುದರಿಂದ ಚಹಾಕ್ಕಲ್ಲ, ಬೀರುವಿನಲ್ಲಿಡುವ ಪೊಟ್ಟಣಕ್ಕೆ ಚೆನ್ನ. ನುಣುಪು ಅಂಚಿನ ಬೂದು ಎಲೆಯ ಇಂಗ್ಲಿಷ್ ಲ್ಯಾವೆಂಡರ್ ಚೆನ್ನಾಗಿ ಹೂ ಬಿಡಲು ಗಟ್ಟಿ ಚಳಿ ಬೇಕು. ಜಮ್ಮುವಿನ ಭದರ್ವಾಹ್‌ನಲ್ಲಿ ರೈತರು ಲ್ಯಾವೆಂಡರ್ ಬೆಳೆದು ಎಣ್ಣೆ ತೆಗೆಯುತ್ತಾರೆ, ಅದು ಹಿಮ ಬೀಳುವ ಊರು. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಸಾಲದು.

ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು ಮತ್ತು ಸಣ್ಣ ಜಲ್ಲಿ, ಅರ್ಧ ಪಾಲು ಎರೆಗೊಬ್ಬರ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹಾಕುವುದಾದರೆ ತೊಳೆದು ಹಾಕಿ, ಇಲ್ಲದಿದ್ದರೆ ಅದರ ಪುಡಿ ಸಿಮೆಂಟಿನಂತೆ ಕೂರುತ್ತದೆ. ನೀರು ಹಿಡಿದಿಡುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡವೇ ಬೇಡ. ನರ್ಸರಿ ಗಿಡದ ಬೇರಿಗೆ ಅದು ಅಂಟಿದ್ದರೆ ನೆಡುವ ಮುಂಚೆ ಬೆರಳಿನಿಂದ ಮೆಲ್ಲಗೆ ಸಡಿಲಿಸಿ ಉದುರಿಸಿ. ಕೆಮ್ಮಣ್ಣು ಹುಳಿಯಾಗಿದ್ದರೆ ಕುಂಡಕ್ಕೊಂದು ಚಮಚ ಕೃಷಿ ಸುಣ್ಣ ಸಾಕು. ಬೋರ್‌ವೆಲ್ಲಿನ ಗಡಸು ನೀರು ಹಾಕುವವರಿಗೆ ಅದೂ ಬೇಡ. ಗಿಡದ ಬುಡ ಮಣ್ಣಿನ ಮಟ್ಟಕ್ಕಿಂತ ಅರ್ಧ ಇಂಚು ಮೇಲಿರಲಿ, ಮೇಲೆ ಎಲೆಗೊಬ್ಬರ ಮುಚ್ಚುವ ಬದಲು ಜಲ್ಲಿ ಹರಡಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು.

ಎರಡಿಂಚು ಆಳಕ್ಕೆ ಬೆರಳಿಟ್ಟಾಗ ಒಣಗಿದ್ದರೆ ಮಾತ್ರ ನೀರು, ಆಮೇಲೆ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಎಡವುವುದು ಇಲ್ಲೇ: ಬೇರು ಕೊಳೆತಾಗಲೂ ಎಲೆ ಬಾಡುತ್ತದೆ, ನೋಡಿದವರು ಬಾಯಾರಿಕೆ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಮಣ್ಣು ಒದ್ದೆಯಿದ್ದೂ ತುದಿ ಜೋತುಬಿದ್ದರೆ ಬುಡವನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿನ ಬದಲು ಕಂದು ಕಂಡು, ಬೇರಿನ ಸಿಪ್ಪೆ ಎಳೆದರೆ ಕಳಚಿ ಕೈಗೆ ಬಂದರೆ ಆ ಗಿಡ ಉಳಿಯುವುದು ಕಷ್ಟ. ಬೇರೆ ಕುಂಡಕ್ಕೆ ಬದಲಿಸಲು ಹೋಗದೆ ಮೇಲಿನ ಹಸಿರು ತುದಿಗಳಿಂದ ಕಟಿಂಗ್, ಅಂದರೆ ಹೊಸ ಗಿಡಕ್ಕೆ ಊರುವ ತುಂಡು, ತೆಗೆಯುತ್ತೇನೆ.

ಗೊಬ್ಬರದ ಸತ್ವ ಹೆಚ್ಚಾದರೆ ಟೊಂಗೆ ಜೋಲಾಡುತ್ತದೆ, ಹೂ ಕಮ್ಮಿ. ಯೂರಿಯಾ ಹತ್ತಿರಕ್ಕೂ ಸೇರಿಸಬೇಡಿ.

ಹೂ ಮುಗಿದ ಮೇಲೊಮ್ಮೆ, ಮೇ ಕೊನೆಗೆ ಇನ್ನೊಮ್ಮೆ ಕತ್ತರಿ. ಹಸಿರು ಭಾಗದ ಮೂರನೇ ಒಂದು ಪಾಲಿನಷ್ಟೇ ತೆಗೆಯಬೇಕು. ಎಲೆಯಿಲ್ಲದ ಕಂದು ಕಟ್ಟಿಗೆಗೆ ಕತ್ತರಿ ತಾಗಿದರೆ ಅಲ್ಲಿಂದ ಚಿಗುರು ಬರುವುದು ಅಪರೂಪ. ಮೇ ಕತ್ತರಿ ಮಳೆಗಾಲಕ್ಕೆ ಗಾಳಿಯಾಡಲೆಂದು, ಒಳಗಿನ ಒಣ ಎಲೆಗಳನ್ನೂ ಆಗಲೇ ಆಯ್ದು ತೆಗೆಯುತ್ತೇನೆ.

ಕಟಿಂಗಿಗೆ ಮಳೆ ನಿಂತ ನವೆಂಬರ್ ಒಳ್ಳೆಯದು. ಹೂವಿಲ್ಲದ ನಾಲ್ಕಿಂಚಿನ ತುದಿ, ಕೆಳಗಿನ ಅರ್ಧದ ಎಲೆ ಬಿಡಿಸಿ ಒದ್ದೆ ಮರಳಿಗೆ ಊರಿ ನೆರಳಲ್ಲಿಟ್ಟರೆ ನಾಲ್ಕರಿಂದ ಆರು ವಾರಕ್ಕೆ ಬೇರು. ಪ್ಲಾಸ್ಟಿಕ್ ಚೀಲ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಕುಂಡದ ಗಿಡ ಮೂರ್ನಾಲ್ಕು ವರ್ಷಕ್ಕೆ ಕಟ್ಟಿಗೆಯಾಗಿ ನಡು ಬೋಳಾಗುವುದರಿಂದ ಪ್ರತಿ ವರ್ಷ ನಾಲ್ಕಾರು ಕಟಿಂಗ್ ಊರಿಡುತ್ತೇನೆ.