ಹಾಸನಕ್ಕೆ ಹೊಸಬರಾ? ಮಗುವಿನ ಶಾಲೆ ಹುಡುಕುವ ಮುಂಚೆ ಇಷ್ಟು ಓದಿ

ಏಪ್ರಿಲ್ ಬಂತೆಂದರೆ ನಮ್ಮ ಸಂಘಕ್ಕೆ ಫೋನು ಜಾಸ್ತಿ. ಬಾಡಿಗೆ ಮನೆ ಎಲ್ಲಿ ಸಿಗುತ್ತೆ ಅನ್ನೋದು ಮೊದಲ ಪ್ರಶ್ನೆ, "ಇಲ್ಲಿ ಒಳ್ಳೆ ಸ್ಕೂಲ್ ಯಾವುದು?" ಅನ್ನೋದು ಎರಡನೆಯದು. ಬ್ಯಾಂಕಿಗೆ ವರ್ಗವಾಗಿ ಬಂದವರೂ ಇದನ್ನೇ ಕೇಳುತ್ತಾರೆ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರೂ ಇದನ್ನೇ ಕೇಳುತ್ತಾರೆ. ನಾವು ಯಾವ ಶಾಲೆಯ ಹೆಸರನ್ನೂ ಹೇಳುವುದಿಲ್ಲ. ಹಿಂದೆ ಹೇಳಿ ಬೈಸಿಕೊಂಡಿದ್ದೇವೆ. ಶಾಲೆಯನ್ನು ಹೇಗೆ ನೋಡಬೇಕು ಅನ್ನುವುದನ್ನು ಮಾತ್ರ ಹೇಳುತ್ತೇವೆ.

ಊರಲ್ಲಿ ಸರ್ಕಾರಿ ಶಾಲೆ ಇದೆ, ಖಾಸಗಿ ಶಾಲೆ ಇದೆ, ಇವೆರಡರ ನಡುವೆ ಅನುದಾನಿತ ಶಾಲೆಯೂ ಇದೆ. ಈ ಮೂರನೆಯದನ್ನು ಹೊಸಬರು ಮರೆತೇಬಿಡುತ್ತಾರೆ. ಕಟ್ಟಡ, ಆಡಳಿತ ಸಂಸ್ಥೆಯದು, ಮೇಷ್ಟ್ರುಗಳ ಸಂಬಳ ಸರ್ಕಾರದ್ದು. ಫೀಸು ಕಡಿಮೆ, ಮಧ್ಯಾಹ್ನದ ಬಿಸಿಯೂಟವೂ ಉಂಟು. ಒಮ್ಮೆ ವಿಚಾರಿಸಿ. ಕೇಂದ್ರ ಸರ್ಕಾರಿ ನೌಕರರಿಗೆ ಕೇಂದ್ರೀಯ ವಿದ್ಯಾಲಯದ ದಾರಿ ಗೊತ್ತೇ ಇರುತ್ತೆ. ಮಗು ಐದನೇ ತರಗತಿಯಲ್ಲಿದ್ದರೆ ಇನ್ನೊಂದು ಮಾತು. ಜಿಲ್ಲೆಯ ನವೋದಯ ಶಾಲೆ ಮಾವಿನಕೆರೆಯಲ್ಲಿದೆ, ಆರನೇ ತರಗತಿಗೆ ಪರೀಕ್ಷೆ ಬರೆದು ಸೇರಬೇಕು. ಅದಕ್ಕೆ ಮಗು ಐದನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಹಳೇ ಊರಲ್ಲೇ ಐದನೇದು ಮುಗಿಸಿಬಿಡಲಿ ಅಂತ ಬಿಟ್ಟುಬಂದರೆ ಇಲ್ಲಿಯ ಅವಕಾಶ ತಪ್ಪುತ್ತದೆ.

ಖಾಸಗಿ ಶಾಲೆಯ ಅರ್ಜಿ ತರುವ ಮುಂಚೆ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಒಂದು ಸಲ ಹೋಗಿ ಬನ್ನಿ. ಸುಮ್ನೆ ಅಲ್ಲ, ಕ್ಲಾಸು ನಡೆಯುವಾಗ ಹೋಗಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂತು ಕಾರ್ಡು ಹಿಡಿದುಕೊಂಡಿದ್ದರೆ "ಪಾಠವೇ ಇಲ್ಲ" ಅಂತ ವಾಪಸ್ ಬರಬೇಡಿ. ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತೆ, ಒಂದೊಂದು ಮಗು ಒಂದೊಂದು ಮೆಟ್ಟಿಲಲ್ಲಿ ಇರುತ್ತೆ. ಚೆನ್ನಾಗಿ ಮಾಡುವ ಟೀಚರ್ ಸಿಕ್ಕರೆ ಸೊಗಸು. ಮಾಡದಿದ್ದರೆ ಬರೀ ಗಲಾಟೆ. ಅರ್ಧ ಗಂಟೆ ಬಾಗಿಲಲ್ಲಿ ನಿಂತರೆ ನಿಮಗೇ ತಿಳಿಯುತ್ತದೆ.

ಆಮೇಲೆ ಹೆಡ್‌ಮೇಷ್ಟ್ರನ್ನು ನೇರವಾಗಿ ಕೇಳಿ. ಕಾಯಂ ಶಿಕ್ಷಕರು ಎಷ್ಟು ಜನ, ಅತಿಥಿ ಶಿಕ್ಷಕರು ಎಷ್ಟು ಜನ? ಕಾನೂನು ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು ಸಾಕು. ಲೆಕ್ಕಕ್ಕೆ ತಲಾ 30 ಮಕ್ಕಳು, ಸರಿಯಾಗಿದೆ. ಆದರೆ ತರಗತಿ ಐದಲ್ವಾ? ಒಬ್ಬರು ಮೀಟಿಂಗಿಗೆ, ಗಣತಿಗೆ ಅಂತ ಹೋದ ದಿನ ಉಳಿದವರು ಏನು ಮಾಡಬೇಕು? ಸರ್ಕಾರಿ ಶಾಲೆ ಬಿಟ್ಟವರು ಇಂಗ್ಲಿಷ್ ಬೇಕಿತ್ತು ಅಂತ ಕಾರಣ ಹೇಳುತ್ತಾರೆ. ಅದು ನಿಜವೇ. ಆದರೆ ಮಾತು ಮುಂದುವರಿದರೆ ಹೆಚ್ಚಿನವರು ಕೊನೆಗೆ ಹೇಳುವುದು ಮೇಷ್ಟ್ರಿಲ್ಲದ ಕ್ಲಾಸಿನ ಕಥೆ.

ಇಂಗ್ಲಿಷ್ ಮಾಧ್ಯಮ ಈಗ ಕೆಲವು ಸರ್ಕಾರಿ ಶಾಲೆಗಳಲ್ಲೂ ಇದೆ. 2019-20ರಲ್ಲಿ ರಾಜ್ಯದ 1000 ಶಾಲೆಗಳಲ್ಲಿ ಶುರು ಮಾಡಿದರು. 2019ರ ಜನವರಿಯಲ್ಲಿ ನಡೆದ ಧಾರವಾಡ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷರಾಗಿದ್ದ ಚಂದ್ರಶೇಖರ ಕಂಬಾರರು ಇದನ್ನು ವಿರೋಧಿಸಿದ್ದರು. ನಮ್ಮ ಸಂಘದಲ್ಲಿ ಈ ವಿಷಯಕ್ಕೆ ಎರಡು ಗುಂಪಿದೆ. ಕನ್ನಡ ಮಾಧ್ಯಮದ ಪರ ಜೋರಾಗಿ ಮಾತಾಡುವ ಕೆಲವರ ಮಕ್ಕಳು ಎಲ್ಲಿ ಓದುತ್ತಾರೆ ಅಂತ ಕೇಳಬಾರದು. ನನ್ನ ಮಗಳೂ ಖಾಸಗಿ ಶಾಲೆಯಲ್ಲೇ ಓದಿದ್ದು.

ಆ ಶಾಲೆಯಲ್ಲಿ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ಫೆಬ್ರುವರಿಯಲ್ಲಿ ಒಂದು ಫೀಸು ಹೇಳಿದರು. ಜೂನಿನಲ್ಲಿ ಪುಸ್ತಕ, ಅವರು ಹೇಳಿದ ಅಂಗಡಿಯದೇ ಯೂನಿಫಾರಂ, ವ್ಯಾನು, ಆಮೇಲೆ ಸ್ಮಾರ್ಟ್ ಕ್ಲಾಸ್ ಅಂತ ಇನ್ನೊಂದು ಚೀಟಿ. ಒಟ್ಟು ನೋಡಿದರೆ ಮೊದಲು ಹೇಳಿದ್ದಕ್ಕಿಂತ ಅರ್ಧದಷ್ಟು ಜಾಸ್ತಿ. ಹಾಗಾಗಿ ಇಡೀ ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಡೊನೇಷನ್ ಕೇಳುವುದು, ಸೇರಿಸಿಕೊಳ್ಳಲು ಮಗುವಿಗೋ ಅಪ್ಪ ಅಮ್ಮನಿಗೋ ಸಂದರ್ಶನ ಮಾಡುವುದು ಎರಡೂ 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ ತಪ್ಪು. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟಿನವರೆಗೆ ದಂಡ. ದೂರು ಕೊಡಬೇಕಾದ್ದು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ. ರಸೀದಿ ಇಲ್ಲದೆ ದುಡ್ಡು ಕೊಟ್ಟಿದ್ದರೆ ದೂರಿಗೆ ಜೀವ ಇರುವುದಿಲ್ಲ.

"ಆರ್‌ಟಿಇ ಸೀಟು ಕೊಡಿಸಿ" ಅಂತ ಬರುವವರಿಗೆ ಬೇಜಾರಿನ ಸುದ್ದಿ. 2012ರಿಂದ ಖಾಸಗಿ ಶಾಲೆಗಳ ನೂರಕ್ಕೆ 25 ಸೀಟು ಬಡ, ಹಿಂದುಳಿದ ಮನೆಗಳ ಮಕ್ಕಳಿಗೆ ಸಿಗುತ್ತಿತ್ತು. ಲಾಟರಿಯಲ್ಲಿ ಹೆಸರು ಬಂದರೆ ಫೀಸು ಸರ್ಕಾರವೇ ಕಟ್ಟುತ್ತಿತ್ತು, ವರ್ಷಕ್ಕೆ 16,000 ರೂಪಾಯಿವರೆಗೆ. 2019ರಲ್ಲಿ ನಿಯಮ ಬದಲಾಯಿತು. ಅಕ್ಕಪಕ್ಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ. ಹಾಸನದಂಥ ಊರಲ್ಲಿ ಅಂಥ ಶಾಲೆ ಇಲ್ಲದ ಬೀದಿ ಹುಡುಕಬೇಕಷ್ಟೆ.

ಈ ವಾದ ಇನ್ನೂ ಮುಗಿದಿಲ್ಲ. ನಮ್ಮ ಶಾಲೆ ಖಾಲಿ ಬಿಟ್ಟು ಖಾಸಗಿಯವರಿಗೆ ಯಾಕೆ ದುಡ್ಡು ಕಟ್ಟಬೇಕು ಅನ್ನೋದು ಒಂದು ಕಡೆಯ ಮಾತು. ಬಡವರ ಮಕ್ಕಳಿಗೆ ಇದ್ದ ಒಂದು ಬಾಗಿಲನ್ನೂ ಮುಚ್ಚಿದರು ಅನ್ನೋದು ಇನ್ನೊಂದು ಕಡೆಯದು. ಚಿಲಿ ದೇಶ 1981ರಲ್ಲೇ ಸರ್ಕಾರದ ದುಡ್ಡು ಮಗುವಿನ ಜೊತೆ ಖಾಸಗಿ ಶಾಲೆಗೂ ಹೋಗುವ ಹಾಗೆ ಮಾಡಿತ್ತು. ಅಲ್ಲಿ ಸರ್ಕಾರಿ ಶಾಲೆಗಳು ಬರಿದಾದವು. 2006ರಲ್ಲಿ, ಮತ್ತೆ 2011ರಲ್ಲಿ ವಿದ್ಯಾರ್ಥಿಗಳೇ ಬೀದಿಗಿಳಿದರು. ಅದಕ್ಕೇ ನನಗೆ 2019ರ ತೀರ್ಮಾನ ಪೂರ್ತಿ ತಪ್ಪು ಅನ್ನಿಸುವುದಿಲ್ಲ. ಆದರೆ ಸೀಟು ನಿಲ್ಲಿಸಿದ ಮಾತ್ರಕ್ಕೆ ಇಲ್ಲಿಯ ಶಾಲೆಗೆ ಮೂರನೇ ಮೇಷ್ಟ್ರು ಬರಲಿಲ್ಲವಲ್ಲ. ಮಕ್ಕಳು ಕಡಿಮೆ ಅಂತ ಶಾಲೆಗಳನ್ನು ಒಂದಕ್ಕೊಂದು ಸೇರಿಸುವ ಮಾತು ಬೇರೆ ಆಗಾಗ ಏಳುತ್ತದೆ. ಹಳ್ಳಿಯ ಶಾಲೆ ಮುಚ್ಚಿದರೆ ನಾವು ಇಲ್ಲಿ ಬರೆಯುತ್ತಿರುವ ಆಯ್ಕೆ ಅನ್ನೋದು ಅವರ ಪಾಲಿಗೆ ಬರೀ ವ್ಯಾನಿನ ಆಯ್ಕೆ.

ಸರ್ಕಾರಿ ಶಾಲೆ ಅಂದರೆ ಮೂಗು ಮುರಿಯುವವರಿಗೆ ಒಂದು ಜಂಬದ ಮಾತು: 2019ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಿದ್ದು ಹಾಸನ ಜಿಲ್ಲೆ. ಸರ್ಕಾರಿ, ಖಾಸಗಿ ಎರಡೂ ಸೇರಿದ ಲೆಕ್ಕ ಅದು.

ಕಾಗದಪತ್ರಕ್ಕೆ ಜಾಸ್ತಿ ಹೆದರಬೇಡಿ. ಹಳೇ ಶಾಲೆಯ ಟಿಸಿ, ರಾಜ್ಯದೊಳಗಿಂದ ಬಂದಿದ್ದರೆ ಮಗುವಿನ ಸ್ಯಾಟ್ಸ್ ನಂಬರು (ರಾಜ್ಯದ ಶಾಲಾ ಮಕ್ಕಳ ದಾಖಲೆಯಲ್ಲಿ ಒಂದೊಂದು ಮಗುವಿಗೂ ಕೊಟ್ಟಿರುವ ನಂಬರು), ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ಟಿಸಿ ತಡವಾಯಿತು ಅಂತ ಎಂಟನೇ ತರಗತಿವರೆಗೆ ಸರ್ಕಾರಿ, ಅನುದಾನಿತ ಶಾಲೆಗಳು ಸೇರಿಸಿಕೊಳ್ಳದೆ ಇರುವಂತಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನೋದು ನಿಯಮ. 2025-26ಕ್ಕೆ ಮಾತ್ರ ಸಡಿಲ ಮಾಡಿದ್ದರು. ಹೊರರಾಜ್ಯದಿಂದ ಬಂದವರು ಗಮನಿಸಿ, 2015ರ ಕಾಯ್ದೆ ಪ್ರಕಾರ ಸಿಬಿಎಸ್‌ಇ ಆಗಲಿ ಐಸಿಎಸ್‌ಇ ಆಗಲಿ ಕನ್ನಡ ಕಲಿಸಲೇಬೇಕು.

ಸಕಲೇಶಪುರ, ಆಲೂರು ಕಡೆ ಮನೆ ಮಾಡುವವರು ಶಾಲೆಗಿಂತ ಮುಂಚೆ ದಾರಿ ನೋಡಿ. ಜುಲೈ ಮಳೆಗೆ ರಜೆ ಮೇಲೆ ರಜೆ ಬರುತ್ತೆ, ಆಮೇಲೆ ಶನಿವಾರ ಪೂರ್ತಿ ದಿನ ಕ್ಲಾಸು ಮಾಡಿ ಸರಿದೂಗಿಸುತ್ತಾರೆ. ಕಾಫಿ ತೋಟದ ದಾರಿಯಲ್ಲಿ ಆನೆ ಓಡಾಟ ಇದೆಯಾ ಅಂತ ಅಕ್ಕಪಕ್ಕದವರನ್ನು ಕೇಳಿ. ವ್ಯಾನಿನವರು ಹೇಳುವುದಿಲ್ಲ.

ಸರ್ಕಾರಿ ಶಾಲೆಗೆ ಸೇರಿಸಿದರೆ ಎಸ್‌ಡಿಎಂಸಿ ಅಂದರೆ ಏನು ಅಂತ ಮೊದಲ ವಾರವೇ ಕೇಳಿ ತಿಳಿದುಕೊಳ್ಳಿ. ಶಾಲೆಯ ಮೇಲುಸ್ತುವಾರಿ ಸಮಿತಿ ಅದು, ಹೆಚ್ಚಿನ ಸದಸ್ಯರು ಮಕ್ಕಳ ತಂದೆತಾಯಿಯೇ. ಹೊಸಬರು ಅಂತ ಹಿಂದೆ ಕೂರಬೇಡಿ. ಶೌಚಾಲಯದ ನೀರು, ಖಾಲಿ ಹುದ್ದೆ, ಬಿಸಿಯೂಟದ ಬೇಳೆ ಎಲ್ಲ ಅಲ್ಲೇ ಮಾತಾಗುವುದು. ಸಭೆ ಸಾಮಾನ್ಯವಾಗಿ ಕೆಲಸದ ದಿನವೇ ಇರುತ್ತೆ, ಅರ್ಧ ದಿನ ರಜೆ ಹಾಕಿ ಹೋಗಿ.