ಅಡಿಕೆ ತೋಟಕ್ಕೆ ಹೊಸ ಫೋನು ಬಂದಾಗ

ಫೋನು ಬದಲಿಸಬೇಕೆಂದು ನನಗೆ ಅನಿಸುವ ಮೊದಲೇ ನನ್ನ ಬ್ಯಾಂಕಿನ ಆ್ಯಪ್‌ಗೆ ಅನಿಸಿತು. ಆಂಡ್ರಾಯ್ಡ್ ಆವೃತ್ತಿ ಹಳೆಯದಾಯಿತು ಎಂದು ಒಂದು ಸಾಲಿನಲ್ಲಿ ತಿಳಿಸಿ ಬಾಗಿಲು ಹಾಕಿಕೊಂಡಿತು. ನನ್ನಲ್ಲಿದ್ದದ್ದು ರೆಡ್‌ಮಿ ನೋಟ್ 4. 2017ರ ಜನವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದ, ಆಗ ಊರೂರಲ್ಲಿ ಕಾಣುತ್ತಿದ್ದ ಫೋನು. ಸ್ನಾಪ್‌ಡ್ರಾಗನ್ 625 ಚಿಪ್, 3 ಜಿಬಿ ರ‍್ಯಾಮ್, 4,100 ಎಂಎಎಚ್ ಬ್ಯಾಟರಿ. ಅದರ ಬಗ್ಗೆ ನನಗೆ ದೂರೇ ಇಲ್ಲ. ಹನ್ನೊಂದು ಸಾವಿರ ರೂಪಾಯಿಗೆ ಇಷ್ಟು ವರ್ಷ ದುಡಿದ ಇನ್ನೊಂದು ವಸ್ತು ನಮ್ಮ ಮನೆಯಲ್ಲಿ ಇಲ್ಲ. ಆದರೆ ಅದರ ಅಧಿಕೃತ ಆಂಡ್ರಾಯ್ಡ್ ಆವೃತ್ತಿ 7ಕ್ಕೇ ನಿಂತಿತ್ತು. ಬ್ಯಾಂಕಿನವರು ಅಲ್ಲಿಗೇ ನಿಲ್ಲಲು ಒಪ್ಪಲಿಲ್ಲ.

ಬ್ಯಾಟರಿ ಮಾತ್ರ ಸವೆದಿದ್ದರೆ ಹೊಸದನ್ನು ಹಾಕಿಸಿಕೊಂಡು ಸುಮ್ಮನಿರುತ್ತಿದ್ದೆ. ಲಿಥಿಯಂ ಬ್ಯಾಟರಿ ಸವೆಯುವುದು ರೋಗವಲ್ಲ, ವಯಸ್ಸು. ಅಕ್ಕನ ಮಗ ಬೇರೆ ದಾರಿ ಸೂಚಿಸಿದ: "ಮಾವಾ, ಈ ಫೋನಿಗೆ ಹೊರಗಿನವರು ಮಾಡಿದ ಹೊಸ ಆಂಡ್ರಾಯ್ಡ್ ಬೇಕಾದಷ್ಟು ಸಿಗುತ್ತದೆ, ಹಾಕಿ ಕೊಡಲೇ?" ಅವನು ಹೇಳಿದ್ದು ನಿಜ. 'ಮಿಡೋ' ಎಂಬ ಒಳಹೆಸರಿನ ಈ ಫೋನು ಆ ಹವ್ಯಾಸದವರಿಗೆ ಬಲು ಪ್ರೀತಿಯದು. ಆದರೆ ಅದಕ್ಕಾಗಿ ಬೂಟ್‌ಲೋಡರ್ (ಫೋನನ್ನು ಏಳಿಸುವ ಒಳಗಿನ ತಂತ್ರಾಂಶ) ಬೀಗ ತೆಗೆಯಬೇಕು, ಬೀಗ ತೆಗೆದ ಫೋನನ್ನು ಕಂಡರೆ ಅನೇಕ ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ನಾನು ಹೊರಟದ್ದೇ ಬ್ಯಾಂಕಿನ ಕಾರಣಕ್ಕೆ. ಹಾಗಾಗಿ ಆ ದಾರಿ ಮುಚ್ಚಿತು.

ಮೂವತ್ತು ಸಾವಿರದ ಆಸುಪಾಸಿನಲ್ಲಿ ಹುಡುಕಿ ಕೊನೆಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ35 ಕೊಂಡೆ. ಇದು 2024ರ ಮಾರ್ಚ್‌ನಲ್ಲಿ ಬಿಡುಗಡೆಯಾದದ್ದು. ಕಾರಣ ಮೂರೇ: ನಾಲ್ಕು ಆಂಡ್ರಾಯ್ಡ್ ಆವೃತ್ತಿಗಳು ಮತ್ತು ಐದು ವರ್ಷದ ಭದ್ರತಾ ಅಪ್‌ಡೇಟ್ ಕೊಡುವ ಭರವಸೆ, ಐಪಿ67 ದರ್ಜೆಯ ನೀರು ನಿರೋಧ, ಮೆಮೊರಿ ಕಾರ್ಡಿಗೆ ಜಾಗ. ಅಂಗಡಿಯ ಹುಡುಗ ಚಿಪ್ಪಿನ ಅಂಕಗಳನ್ನೂ ಆಟದ ವೇಗವನ್ನೂ ವಿವರಿಸುತ್ತಿದ್ದ. ಶಿರಸಿ ಸೀಮೆಯಲ್ಲಿ ಅಡಿಕೆ ಬೆಳೆಯುವವನಿಗೆ ಫೋನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗದೆ ಉಳಿದರೆ ಅದೇ ವೇಗ. ಐಪಿ67 ಅಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂಬ ಪ್ರಯೋಗಾಲಯದ ಮಾತು. ಅದು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮಾತಲ್ಲ. ಔಷಧಿ ಹೊಡೆಯುವ ದಿನ ನಾನು ಈಗಲೂ ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿಯೇ ಇಡುತ್ತೇನೆ.

ಫೋಟೊ, ನಂಬರುಗಳು ಸ್ಯಾಮ್‌ಸಂಗ್‌ನದೇ ಆದ ಸ್ಮಾರ್ಟ್ ಸ್ವಿಚ್ ಆ್ಯಪ್‌ನಿಂದ ತಾವಾಗಿಯೇ ಬಂದವು. ವಾಟ್ಸ್‌ಆ್ಯಪ್ ಸಂಭಾಷಣೆಗಳನ್ನು ಗೂಗಲ್ ಡ್ರೈವ್ ಮೂಲಕ ತರಲಿಲ್ಲ. ಅಲ್ಲಿಯ ಬ್ಯಾಕಪ್ ಈಗ 15 ಜಿಬಿಯ ಉಚಿತ ಜಾಗದ ಲೆಕ್ಕಕ್ಕೇ ಸೇರುತ್ತದೆ. 2023ರಿಂದ ವಾಟ್ಸ್‌ಆ್ಯಪ್ ಒಳಗೇ ಒಂದು ಸೌಲಭ್ಯವಿದೆ: ಚಾಟ್ಸ್ ವಿಭಾಗದಲ್ಲಿ 'ಟ್ರಾನ್ಸ್‌ಫರ್ ಚಾಟ್ಸ್' ಒತ್ತಿ, ಹೊಸ ಫೋನು ತೋರಿಸುವ ಕ್ಯೂಆರ್ ಕೋಡನ್ನು ಹಳೆಯದರಿಂದ ಸ್ಕ್ಯಾನ್ ಮಾಡಿದರೆ ಎರಡೂ ಫೋನುಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಎರಡರಲ್ಲೂ ವೈ-ಫೈ ಮತ್ತು ಲೊಕೇಶನ್ ಆನ್ ಇರಬೇಕು, ಎರಡೂ ಚಾರ್ಜಿನಲ್ಲಿದ್ದರೆ ಒಳ್ಳೆಯದು. ಅಡಿಕೆ ದರದ ಗುಂಪಿನ ವರ್ಷಗಟ್ಟಲೆ ಸಂದೇಶಗಳು, ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರ ಎಲ್ಲವೂ ಹಾಗೆಯೇ ಬಂದವು.

ನಿಜವಾದ ಕೆಲಸ ಬ್ಯಾಂಕಿನದು. ಈ ಭಾಗವನ್ನು ಯಾರೂ ಮೊದಲೇ ಹೇಳುವುದಿಲ್ಲ.

ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ಏಳುವಾಗ ಆ ಫೋನಿನೊಳಗಿನ ಸಿಮ್‌ನಿಂದ ತಾನೇ ಒಂದು ಎಸ್‌ಎಂಎಸ್ ಕಳುಹಿಸುತ್ತದೆ. ಬ್ಯಾಂಕಿನಲ್ಲಿ ದಾಖಲಾದ ನಂಬರು, ಆ ಸಿಮ್, ಈ ಫೋನು, ಮೂರೂ ಒಂದೇ ಕಡೆ ಇವೆ ಎಂದು ಅದರಿಂದ ಖಚಿತವಾಗಬೇಕು. ಒಟಿಪಿಯ ಹಾಗೆ ಬಂದದ್ದನ್ನು ನೋಡಿ ಬರೆಯುವ ವ್ಯವಹಾರವಲ್ಲ. ಸಂದೇಶ ಇಲ್ಲಿಂದ ಹೋಗಬೇಕು. ನಮ್ಮ ಮನೆ ಇರುವುದು ಕಣಿವೆಯ ತಳದಲ್ಲಿ. ಅಂಗಳದ ಪಡುವಣ ಮೂಲೆಯಲ್ಲಿ ನಿಂತರೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಉಸಿರು ಬಿಟ್ಟರೆ ಹೋಗುತ್ತದೆ. ವೈ-ಫೈ ಎಷ್ಟು ಚೆನ್ನಾಗಿದ್ದರೂ ಆ ಎಸ್‌ಎಂಎಸ್ ಹೊರಡಲಿಲ್ಲ. ಕೊನೆಗೆ ಎರಡು ಫೋನು, ಡೆಬಿಟ್ ಕಾರ್ಡು ಮತ್ತು ಕೊಡೆ ಹಿಡಿದು ಮೇಲಿನ ಬಸ್ ತಂಗುದಾಣಕ್ಕೆ ಹೋಗಿ ಕುಳಿತೆ. ಅಲ್ಲಿ ಎಲ್ಲವೂ ಸರಾಗ. ಎರಡು ಸಿಮ್ ಇರುವವರು ಆ್ಯಪ್ ಕೇಳಿದಾಗ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನೇ ಆರಿಸಬೇಕು, ಆ ಸಿಮ್‌ನಲ್ಲಿ ಎಸ್‌ಎಂಎಸ್ ಕಳುಹಿಸಲು ರೀಚಾರ್ಜೂ ಇರಬೇಕು. ಹಳೆಯ ಯುಪಿಐ ಪಿನ್ ನೆನಪಿದ್ದರೆ ಅದೇ ನಡೆಯುತ್ತದೆ, ಹೊಸದು ಮಾಡಬೇಕಾಗಿಲ್ಲ. ಕಾರ್ಡು ಬೇಕಾಗುವುದು ಮರೆತವರಿಗೆ.

ಇನ್ನೊಂದು ವಿಷಯ. ನನ್ನ ಬ್ಯಾಂಕು ಹೊಸ ಫೋನಿನಿಂದ ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳುಹಿಸಲು ಬಿಡುವುದಿಲ್ಲ. ಕದ್ದ ಫೋನಿನಿಂದ ಖಾತೆ ಖಾಲಿಯಾಗದಿರಲಿ ಎಂಬ ಎಚ್ಚರಿಕೆ ಅದು, ಸರಿಯೇ. ಆದರೆ ಕೂಲಿ ಬಟವಾಡೆಯ ಹಿಂದಿನ ದಿನ ಮಾತ್ರ ಫೋನು ಬದಲಿಸಬೇಡಿ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರಿಗೆ ಈ ನಿಯಮವನ್ನು ವಿವರಿಸುವ ಧೈರ್ಯ ನನಗಂತೂ ಇಲ್ಲ.

ಇಷ್ಟಾದ ಮೇಲೆ ಹೋಲಿಕೆ. ಮೊದಲು ಕಣ್ಣಿಗೆ ಬಿದ್ದದ್ದು 120 ಹರ್ಟ್ಸ್ ಪರದೆಯ ನುಣುಪು. ಆದರೆ ಬೇಗನೇ ಅಭ್ಯಾಸವಾಗಿ ಮರೆತೂ ಹೋಯಿತು. ಮರೆಯದೆ ಉಳಿದದ್ದು ಬಿಸಿಲಿನಲ್ಲಿ ಕಾಣುವ ಅಮೊಲೆಡ್ ಪರದೆ. ಅಂಗಳದಲ್ಲಿ ಅಡಿಕೆ ಹರವುತ್ತ ದರ ನೋಡಬೇಕಾದರೆ ಹಳೆಯ ಫೋನನ್ನು ಅಂಗೈಯ ನೆರಳಲ್ಲಿ ಹಿಡಿಯಬೇಕಿತ್ತು. ಈಗ ಬೇಡ.

ಕ್ಯಾಮೆರಾದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಅದು ಚೆಂದಕ್ಕಿರುವುದಲ್ಲ. ಎಲೆಚುಕ್ಕೆ ರೋಗ ಬಂದಾಗಿನಿಂದ ಗರಿಯ ಫೋಟೊ ತೆಗೆದು ತೋಟಗಾರಿಕೆಯವರಿಗೆ ಕಳುಹಿಸುವುದು ರೂಢಿಯಾಗಿದೆ. ಅಡಿಕೆ ತೋಟದೊಳಗೆ ಮಧ್ಯಾಹ್ನವೂ ಅರೆಗತ್ತಲು. ಹಳೆಯ ಫೋನಿನ 13 ಮೆಗಾಪಿಕ್ಸೆಲ್ ಕ್ಯಾಮೆರಾ ಅಲ್ಲಿ ಶಟರನ್ನು ಹೆಚ್ಚು ಹೊತ್ತು ತೆರೆದಿಡಬೇಕಿತ್ತು, ಅಷ್ಟರಲ್ಲಿ ಕೈ ಅಲುಗಿ ಚುಕ್ಕೆಯ ಸುತ್ತಲಿನ ಹಳದಿ ಅಂಚು ಕಲಸಿಹೋಗುತ್ತಿತ್ತು. ಹೊಸದರ 50 ಮೆಗಾಪಿಕ್ಸೆಲ್ ಮುಖ್ಯ ಕ್ಯಾಮೆರಾಕ್ಕೆ ಓಐಎಸ್ ಇದೆ, ಅಂದರೆ ಕೈ ನಡುಗಿದರೆ ಮಸೂರವೇ ಸರಿದು ಹೊಂದಿಸಿಕೊಳ್ಳುತ್ತದೆ. ಅಂಚು ಈಗ ಸ್ಪಷ್ಟ. ಹತ್ತಿರದ ಚಿತ್ರಕ್ಕೆಂದು ಕೊಟ್ಟಿರುವ 5 ಮೆಗಾಪಿಕ್ಸೆಲ್ ಮ್ಯಾಕ್ರೊ ಮಸೂರ ಮಾತ್ರ ಲೆಕ್ಕ ಭರ್ತಿಯದು. ಅದನ್ನು ಬಿಟ್ಟು, ಮುಖ್ಯ ಕ್ಯಾಮೆರಾದಲ್ಲಿ ಎರಡು ಪಟ್ಟು ಜೂಮ್ ಇಟ್ಟು ಅರ್ಧ ಹೆಜ್ಜೆ ಹಿಂದೆ ಸರಿದು ತೆಗೆದರೆ ಗರಿ ಚೆನ್ನಾಗಿ ಬರುತ್ತದೆ.

ಬೆರಳಚ್ಚಿನಲ್ಲಿ ಹಳೆಯದೇ ಮೇಲು. ಅದರ ಬೆನ್ನಿಗಿದ್ದ ಸೆನ್ಸರ್ ಮೇಲೆ ಬೆರಳು ತಾನಾಗಿ ಹೋಗಿ ಕೂರುತ್ತಿತ್ತು. ಹೊಸದರಲ್ಲಿ ಅದು ಪರದೆಯ ಅಡಿಯಲ್ಲಿದೆ, ಬೆಳಕು ಚೆಲ್ಲಿ ಬೆರಳಿನ ಚಿತ್ರ ತೆಗೆದು ಹೋಲಿಸುತ್ತದೆ. ಹಸಿ ಅಡಿಕೆ ಸುಲಿದು ಚೊಗರು ಹತ್ತಿ ಕಪ್ಪಾದ ಹೆಬ್ಬೆರಳನ್ನು ಅದು ನನ್ನದೆಂದು ಒಪ್ಪುವುದಿಲ್ಲ. ಸುಲಿಗೆಯ ಕಾಲದಲ್ಲಿ ಚೊಗರು ಹತ್ತದ ಎಡಗೈಯ ಕಿರುಬೆರಳನ್ನೂ ದಾಖಲಿಸಿಟ್ಟಿದ್ದೇನೆ.

ನಾನು ನಿರೀಕ್ಷಿಸದೇ ಬಂದ ಲಾಭ ವೈ-ಫೈ ಕಾಲಿಂಗ್. ಈ ಸೌಲಭ್ಯ ಭಾರತಕ್ಕೆ ಬಂದದ್ದು 2019ರ ಕೊನೆಗೆ, ಹಳೆಯ ಫೋನು ಅದಕ್ಕಿಂತ ಮುಂಚಿನದು. ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿ ಒತ್ತಿದ್ದಷ್ಟೇ, ಮನೆಯ ಫೈಬರ್ ಸಂಪರ್ಕದ ಮೇಲೆಯೇ ಸಾಮಾನ್ಯ ನಂಬರಿನ ಕರೆಗಳು ಬರತೊಡಗಿದವು. ಅದಕ್ಕೆ ಬೇರೆ ಶುಲ್ಕವಿಲ್ಲ, ಬೇರೆ ಆ್ಯಪ್ ಬೇಡ. ಅಂಗಳದ ಮೂಲೆಗೆ ಓಡುವ ಕೆಲಸ ನಿಂತಿತು. ಮಳೆಗಾಲದಲ್ಲಿ ಕರೆಂಟು ಹೋದರೆ ರೂಟರ್ ಮಲಗುತ್ತದೆ, ಕರೆಯೂ ಮಲಗುತ್ತದೆ. ಅದಕ್ಕೊಂದು ಚಿಕ್ಕ ಯುಪಿಎಸ್ ಹಾಕಿಸಿದ್ದೇನೆ. 5ಜಿ ಬಗ್ಗೆ ಹೇಳುವುದೇನೂ ಇಲ್ಲ, ಅದು ಇನ್ನೂ ನಮ್ಮ ಘಟ್ಟದ ರಸ್ತೆ ಇಳಿದು ಬಂದಿಲ್ಲ.

ಹೊಸದರ ತೂಕ 209 ಗ್ರಾಂ, ಅಂಗಿಯ ಜೇಬು ಜೋಲುತ್ತದೆ. ಪೆಟ್ಟಿಗೆಯಲ್ಲಿ ಚಾರ್ಜರ್ ಇರಲಿಲ್ಲ. ಮನೆ, ಜೀಪು, ಪಂಪ್‌ಶೆಡ್ಡಿನಲ್ಲಿ ತೂಗುತ್ತಿದ್ದ ಮೈಕ್ರೊ ಯುಎಸ್‌ಬಿ ಕೇಬಲ್‌ಗಳು ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡವು. ಬ್ಯಾಟರಿ ಬೇಗ ಸವೆಯದಿರಲಿ ಎಂದು 80 ಶೇಕಡಾಕ್ಕೆ ಚಾರ್ಜ್ ನಿಲ್ಲುವ ಆಯ್ಕೆ ಹಾಕಿದ್ದೇನೆ, ದಿನಕ್ಕೆ ಅಷ್ಟು ಸಾಕು.

ವಿನಿಮಯಕ್ಕೆ ಕೊಡುತ್ತೀರಾ ಎಂದು ಅಂಗಡಿಯವರು ಕೇಳಿದ್ದರು. ಅವರು ಹೇಳಿದ ಬೆಲೆಗೆ ಒಂದು ಕಿಲೋ ಚಾಲಿಯೂ ಬರುತ್ತಿರಲಿಲ್ಲ. ಹಳೆಯದನ್ನು ಇಟ್ಟುಕೊಂಡೆ. ಅದರಲ್ಲಿ ಎಫ್‌ಎಂ ರೇಡಿಯೊ ಇದೆ, ಇಯರ್‌ಫೋನ್ ಸಿಕ್ಕಿಸುವ ತೂತಿದೆ, ನೆತ್ತಿಯ ಮೇಲೆ ಟಿವಿ ರಿಮೋಟಿನ ಕೆಲಸ ಮಾಡುವ ಇನ್‌ಫ್ರಾರೆಡ್ ದೀಪವಿದೆ. ಹೊಸದರಲ್ಲಿ ಆ ತೂತೂ ಇಲ್ಲ, ಆ ದೀಪವೂ ಇಲ್ಲ. ಗೂಗಲ್ ಖಾತೆಯನ್ನು ಮೊದಲು ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ಇಲ್ಲದೆ ಸುಲಿಗೆ ಚಪ್ಪರದಲ್ಲಿ ತೂಗುಹಾಕಿದ್ದೇನೆ. ಇಯರ್‌ಫೋನಿನ ತಂತಿಯೇ ಆಂಟೆನಾ ಆಗುವುದರಿಂದ ಅದನ್ನು ಸಿಕ್ಕಿಸಿ, ಧ್ವನಿಯನ್ನು ಸ್ಪೀಕರಿಗೆ ಬದಲಿಸಿದರೆ ಸುಲಿಯುವವರೆಲ್ಲರಿಗೂ ಕೇಳುತ್ತದೆ. ಭದ್ರತಾ ಅಪ್‌ಡೇಟ್ ನಿಂತ ಫೋನಾದ್ದರಿಂದ ಅದಕ್ಕೆ ಮನೆಯ ವೈ-ಫೈ ಪಾಸ್‌ವರ್ಡ್ ಕೊಟ್ಟಿಲ್ಲ, ರೇಡಿಯೊಗೆ ಅದು ಬೇಕಾಗಿಯೂ ಇಲ್ಲ.